ಮಾಲೀಕರ ತಪಾಸಣೆ

ಸಣ್ಣ ಉದ್ದಿಮೆ ನಡೆಸುವ ಹೆಂಗಸರಿಗೆ ಸರ್ಕಾರಿ ಟೆಂಡರ್ ಹಾಕಲು ನೆರವಾಗುವುದು ನನ್ನ ಕೆಲಸ. ಅರಸೀಕೆರೆಯ ನಸೀಮಾ ತೆಂಗಿನ ನಾರಿನ ಕಾಲೊರಸು ಮಾಡಿಸುತ್ತಾಳೆ. ಹಾಸ್ಟೆಲುಗಳಿಗೆ ಅವನ್ನು ಒದಗಿಸುವ ಟೆಂಡರ್ ಮಹಿಳಾ ಮಾಲೀಕರಿಗಷ್ಟೇ ಮೀಸಲು. ತಪಾಸಣೆಗೆ ಬಂದ ಅಧಿಕಾರಿ ಶೆಡ್ಡಿನ ಒಂದು ಕುರ್ಚಿಯಲ್ಲಿ ಕೂತರು, ಇನ್ನೊಂದರಲ್ಲಿ ಅವಳ ಮಾವ. ಹಿರಿಯರೆದುರು ಕೂರುವ ರೂಢಿಯಿಲ್ಲದ ನಸೀಮಾ ಪಕ್ಕದಲ್ಲಿ ನಿಂತಳು.

"ಸೊಸೆ ಹೆಸರಿಗೆ ಮಾತ್ರ, ಯಜಮಾನರು ನೀವೇ ಅಲ್ವಾ?" ಎಂದು ಅಧಿಕಾರಿ ಮಾವನನ್ನು ನೋಡಿ ನಕ್ಕರು. ಟೆಂಡರ್ ಕೈತಪ್ಪಿತು ಅಂದುಕೊಂಡೆ.

"ಎಲ್ಲಿ ಬಂತು ಸಾರ್! ನಾನು ನಾರು ನೆನೆಹಾಕೋ ಆಳು. ತಡವಾಗಿ ಬಂದೆ ಅಂತ ಇವತ್ತು ಟೀನೂ ಕೊಟ್ಟಿಲ್ಲ ಇವಳು."

"ಮತ್ತೆ ಹತ್ತು ಗಂಟೆಗೆ ಬಂದ್ರೆ?" ಎಂದಳು ನಸೀಮಾ, ನಿಂತುಕೊಂಡೇ.

ಅಧಿಕಾರಿ ಒಪ್ಪಿಗೆ ಬರೆದರು. ಹೊರಡುವಾಗ ನನ್ನತ್ತ ತಿರುಗಿ ಕೇಳಿದರು: "ಮೇಡಂ, ಹೀಗೆ ಊರೂರು ಸುತ್ತೋದಕ್ಕೆ ನಿಮ್ಮನೇಲಿ ಏನೂ ಅನ್ನಲ್ವಾ?"