‘ಅಂತೆ’ ಅಂದವರು ಕೂತ್ಕೋಬೇಕು

ನನ್ನನ್ನು ನಂಬಿಸಲು ಹೆಚ್ಚು ಶ್ರಮ ಬೇಡ. ಫೋಟೊಗೆ ಕೆಂಪು ವೃತ್ತ ಹಾಕಿ, ಹಿಂದೆ ಡೋಲು ಬಾರಿಸಿದ ವಿಡಿಯೋ ಒಂದಿದ್ದರೆ ಸಾಕು. ಬಿ.ಕಾಂ. ಮುಗಿಸಿ ದೊಡ್ಡಬಳ್ಳಾಪುರದ ಚಲಪತಿಯವರ ಪವರ್‌ಲೂಮ್ ಶೆಡ್ಡಿನಲ್ಲಿ ಕೂಲಿಗೆ ಮಗ್ಗ ನೋಡಿಕೊಳ್ಳುವ ನಾನು, ಭೂಮಿ ಚಪ್ಪಟೆ ಎಂಬುದನ್ನೂ ಈಚಿನವರೆಗೆ ಪರಿಶೀಲನೆಯಲ್ಲಿ ಇಟ್ಟಿದ್ದೆ. ಅಂಥ ನನ್ನ ಎದುರು ವಾದಕ್ಕೆ ನಿಲ್ಲುವ ದೊಡ್ಡ ಮನಸ್ಸು ಇದ್ದದ್ದು ಮುನಿಸ್ವಾಮಣ್ಣನಿಗೆ ಮಾತ್ರ.

ಮುನಿಸ್ವಾಮಣ್ಣನ ಕಸುಬು ಸೀರೆ ಮಾರುವುದು. ಶೆಡ್ಡಿನವರು ಗಂಟು ಕಟ್ಟಿ ಕೊಡುತ್ತಾರೆ. ಅವರು ಅದನ್ನು ಹೊತ್ತು ಬಸ್ಸು ಹತ್ತಿ, ಹೊರರಾಜ್ಯದ ಊರುಗಳಲ್ಲಿ ಮನೆಮನೆ ತಿರುಗಿ ಮಾರಿ ಬಂದು ಆಮೇಲೆ ದುಡ್ಡು ಕೊಡುತ್ತಾರೆ. ಚೀಟಿಯಿಲ್ಲ, ಸಹಿಯಿಲ್ಲ, ಅವರ ಮಾತೊಂದೇ ಭದ್ರತೆ. ಹವ್ಯಾಸ ವಾದ ಮಾಡುವುದು. ಕರೆಂಟು ಹೋಗಿ ಮಗ್ಗಗಳ ಸದ್ದು ನಿಂತಿತೆಂದರೆ ಅವರಿಗೆ ಹಬ್ಬ. ನೀವು ಹೌದು ಎಂದರೆ ಅವರು ಅಲ್ಲ ಎನ್ನುತ್ತಾರೆ. ನೀವು ಸೋತು ಅಲ್ಲ ಎಂದಿರೋ, ಅನಾಥವಾದ ನಿಮ್ಮ ಹೌದನ್ನು ಎತ್ತಿಕೊಂಡು ಅದರ ಪರವಾಗಿಯೂ ತಾವೇ ವಾದಿಸುತ್ತಾರೆ. ನಿಯಮ ಒಂದೇ: ಎಲ್ಲರೂ ನಿಂತು ಮಾತಾಡಬೇಕು, ‘ಅಂತೆ’ ಅಂದವರು ಕೂತ್ಕೋಬೇಕು. ‘ನೋಡಿದೆ’ ಅನ್ನಬಹುದು, ‘ಗೊತ್ತಿಲ್ಲ’ ಅನ್ನಬಹುದು. ‘ಆಗಿತ್ತಂತೆ’ ಎಂದು ಬಾಲ ಅಂಟಿಸಿದರೆ ನೆಲಕ್ಕೆ. ಆ ನೆಲದ ಒಂದೊಂದು ಬಿರುಕೂ ನನಗೆ ಪರಿಚಯ.

ಈ ಸಲ ಅವರು ಹೋಗಿದ್ದ ಊರಿನ ಬಸ್‌ಸ್ಟ್ಯಾಂಡಿನ ಮೇಲೆ ಉಗ್ರರ ದಾಳಿಯಾಯಿತು. ತೋಳಿಗೆ ಪೆಟ್ಟು ತಿಂದು ಮುನಿಸ್ವಾಮಣ್ಣ ಬದುಕಿ ಬಂದರು. ಹಿಂದೆಯೇ ಒಂದು ವಿಡಿಯೋ ಬಂತು: ದಾಳಿಯೇ ನಾಟಕ, ಗಾಯಾಳುಗಳೆಲ್ಲ ಬಾಡಿಗೆ ನಟರು. ಸಾಕ್ಷಿಗೆ ಎರಡು ಫೋಟೊ. ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಅಂಗಿ, ಆಸ್ಪತ್ರೆಯಲ್ಲಿ ನೀಲಿ ಅಂಗಿ. ಎರಡರಲ್ಲೂ ಕೆಂಪು ವೃತ್ತದೊಳಗೆ ನಮ್ಮ ಮುನಿಸ್ವಾಮಣ್ಣ.

ಅದನ್ನು ನೋಡಿದ ಚಲಪತಿ, ಅವರಿಗಾಗಿ ಕಟ್ಟುತ್ತಿದ್ದ ಗಂಟನ್ನು ಅರ್ಧಕ್ಕೆ ಬಿಟ್ಟರು. ಚಲಪತಿ ಕೊಡದಿದ್ದರೆ ಬೇರೆ ಯಾವ ಶೆಡ್ಡೂ ಕೊಡುವುದಿಲ್ಲ. ಮಾತು ಬಿದ್ದುಹೋದರೆ ಮುನಿಸ್ವಾಮಣ್ಣನ ಕಸುಬೂ ಮುಗಿಯಿತು.

ಮಧ್ಯಾಹ್ನ ಕರೆಂಟು ಹೋಯಿತು. ತೋಳಿಗೆ ಕಟ್ಟು ಹಾಕಿಕೊಂಡಿದ್ದ ಮುನಿಸ್ವಾಮಣ್ಣ ನೆಟ್ಟಗೆ ಬಂದು ಶೆಡ್ಡಿನ ನಡುವೆ ನಿಂತರು. ಹಿಂದೆ ಹೆಂಡತಿ ಶಕುಂತಲಮ್ಮ.

“ಬರ್ರಪ್ಪಾ. ನಾನು ನಾಟಕದೋನು ಅನ್ನೋರು ಯಾರು?”

ನಾನೇ ಎದ್ದೆ. ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ ವಿದ್ವಾಂಸ ಶೆಡ್ಡಿನಲ್ಲಿ ನಾನೊಬ್ಬನೇ.

“ಅಣ್ಣ, ಅಂಗಿ ಎರಡು ಬಣ್ಣ ಯಾಕೆ?”

“ಬಿಳೀದು ರಕ್ತಕ್ಕೆ ಮೈಗಂಟ್ಕೊಂಡಿತ್ತು. ನರ್ಸಮ್ಮ ಕತ್ರೀಲಿ ಕತ್ತರಿಸಿದ್ಲು. ಪಕ್ಕದ ಮಂಚದೋರು ನೀಲೀದು ಕೊಟ್ರು. ಮನೇಲೈತೆ, ಬಾ ತೋರಿಸ್ತೀನಿ.”

“ಆ ನೀಲೀದನ್ನ ನಾಟಕದೋರೇ ಕೊಟ್ಟಿರಬಹುದಲ್ಲಣ್ಣ?”

“ಭೇಷ್,” ಮುನಿಸ್ವಾಮಣ್ಣನ ಕಣ್ಣು ಹೊಳೆಯಿತು. “ಇದು ಪ್ರಶ್ನೆ. ಅಂಗಿ ತೋರಿಸಿದ್ರೆ ಅಂಗಿ ಇದೆ ಅಂತ ಮಾತ್ರ ಆಯ್ತದೆ. ಮುಂದಕ್ಕೆ ಕೇಳು.”

“ರೀ, ನೀವು ಯಾರ ಕಡೆ?” ಶಕುಂತಲಮ್ಮ ಗದರಿದರು.

ಮೆಚ್ಚುಗೆ ನನ್ನ ತಲೆಗೇರಿತು. “ಮತ್ತೆ ಒಬ್ಬೊಬ್ಬರಿಗೂ ದುಡ್ಡು ಕೊಟ್ಟಿದ್ರಂತೆ...”

ನಾಲಿಗೆ ಕಚ್ಚಿಕೊಂಡೆ. “ಕೂತ್ಕೊಳಲೇ ನಂದ” ಎಂದು ಇಡೀ ಶೆಡ್ಡು ಕೂಗಿತು. ಕೂತೆ. ನನ್ನ ನಂತರ ಎದ್ದವರೂ ‘ಪೊಲೀಸರಿಗೆ ಮೊದಲೇ ಗೊತ್ತಿತ್ತಂತೆ’, ‘ಅದು ರಕ್ತಾನೇ ಅಲ್ಲವಂತೆ’ ಎನ್ನುತ್ತ ಒಬ್ಬೊಬ್ಬರಾಗಿ ನನ್ನ ಪಕ್ಕದ ನೆಲಕ್ಕೆ ಬಂದರು.

ಕೊನೆಗೆ ಮುನಿಸ್ವಾಮಣ್ಣನ ಎದುರು ನಿಂತಿದ್ದವರು ಚಲಪತಿ ಒಬ್ಬರೇ. ಅವರು ಜಾಣರು, ತಾವು ಏನೂ ಹೇಳಲಿಲ್ಲ. “ಸರಿ ಮುನಿಸ್ವಾಮಿ, ಆ ಬಂದೂಕದೋರು ಎಷ್ಟು ಜನ ಇದ್ರು?” ಎಂದು ಕೇಳಿದರು.

“ನಾಲ್ಕು ಜನ ಇದ್ರಂತೆ.”

ಮುನಿಸ್ವಾಮಣ್ಣನಿಗೆ ತಾವಂದದ್ದು ತಡವಾಗಿ ಕೇಳಿಸಿತು. ಕಟ್ಟು ಹಾಕಿದ ತೋಳನ್ನು ಹಿಡಿದುಕೊಂಡು, ನಿಧಾನವಾಗಿ, ನನ್ನ ಪಕ್ಕದಲ್ಲೇ ಕೂತರು.

“ಅಲ್ಲಯ್ಯ, ನೀನು ಅಲ್ಲೇ ಇದ್ದೆ ಅಂತೀಯ?” ಚಲಪತಿ ಬಿಡಲಿಲ್ಲ.

“ಇದ್ದೆ. ಬೆಂಚಿನ ಕೆಳಗೆ ತೂರ್ಕೊಂಡು ಮುಖಾನ ಸೀರೆ ಗಂಟಿಗೆ ಒತ್ಕೊಂಡಿದ್ದೆ. ಸದ್ದು ಕೇಳಿಸ್ತು. ಪಕ್ಕದಲ್ಲಿ ಯಾರೋ ಉಸಿರಾಡ್ತಿದ್ರು, ಆಮೇಲೆ ಆಡ್ಲಿಲ್ಲ. ಕಣ್ಣು ಬಿಡೋಕೆ ಧೈರ್ಯ ಬರ್ಲಿಲ್ಲ ಚಲಪತಿ. ನಾಲ್ಕು ಜನ ಅನ್ನೋದು ನಾನೂ ಟೀವಿ ನೋಡಿ ತಿಳ್ಕೊಂಡಿದ್ದು.”

ಚಲಪತಿ ಒಳಗೆ ಹೋಗಿ ಅರ್ಧ ಕಟ್ಟಿದ್ದ ಗಂಟನ್ನು ತಂದು, ಎಲ್ಲರೆದುರು ಬಿಗಿಯಾಗಿ ಗಂಟು ಹಾಕಿದರು.

“ನಟ ಆಗಿದ್ರೆ ಎಲ್ಲಾ ನೋಡಿರ್ತಿದ್ದ ಕಣ್ರೋ. ಆಳೆಷ್ಟು, ಬಂದೂಕ ಎಂಥದ್ದು, ಪೂರ್ತಿ ಬಾಯಿಪಾಠ ಮಾಡಿಸಿ ಕಳಿಸಿರ್ತಿದ್ರು. ತಗೊಳಯ್ಯ.”

ಶೆಡ್ಡಿನಲ್ಲಿ ಶಿಳ್ಳೆ, ಚಪ್ಪಾಳೆ. ಸೋತ ಪಕ್ಷದ ನಾಯಕನಾದ ನಾನೇ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದೆ. ಮುನಿಸ್ವಾಮಣ್ಣ ಮಾತ್ರ ಗಂಟು ಮುಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದವರು ತಟ್ಟನೆ ಎದ್ದು ನಿಂತರು.

“ಹಂಗಾಗಲ್ಲ ಚಲಪತಿ. ಬುದ್ಧಿವಂತ ನಟ ಆದ್ರೆ ಗೊತ್ತಿಲ್ಲ ಅನ್ನೋದನ್ನೂ ನಟಿಸ್ತಾನೆ. ನಿನ್ನ ವಾದದಲ್ಲಿ ಒಂದು ತೂತು...”

ಶಕುಂತಲಮ್ಮ ಗಂಟನ್ನು ಸೊಂಟಕ್ಕೇರಿಸಿಕೊಂಡು ಆಗಲೇ ಬಾಗಿಲ ಹತ್ತಿರ ಹೋಗಿದ್ದರು.

“ನೀವು ನಿಧಾನಕ್ಕೆ ಸೋತು ಬನ್ನಿ,” ಎಂದರು.