ಎರಡನೇ ಮಗ್ಗುಲು ಮೊದಲು

ಸಮೆಜಿಮಾ ಇಕುಕೊ ಅವರದು ಹಾಸಿಗೆ ಅಂಗಡಿ. ಜಪಾನಿನ ಕಾಗೊಶಿಮಾದ ಪೇಟೆಯ ಹಿಂದಿನ ಓಣಿಯಲ್ಲಿ ಕೂತು ಹಳೆಯ ಹಾಸಿಗೆಗಳ ಹತ್ತಿ ಹಿಂಜಿ, ಹೊಸದು ಮಾಡಿ ಕೊಡುವುದು ಗಂಡನ ಮನೆಯ ಕಸುಬು. ಹಾಡಿನ ಹುಚ್ಚಿದ್ದವರಿಗೆ ಮಾತ್ರ ಅವರು ಬೇರೆಯದೇ ಕಾರಣಕ್ಕೆ ಗೊತ್ತು. ನಮ್ಮ ಸಂಗೀತ ಮಾಸಿಕದಲ್ಲಿ ಹೊಸ ರೆಕಾರ್ಡುಗಳಿಗೆ ಅಂಕ ಹಾಕುತ್ತಿದ್ದವರು ಅವರೇ. ಅವರಿಂದ ಐದಕ್ಕೆ ಎರಡು ಅಂಕ ಪಡೆದ ಗಾಯಕರು ಆ ಓಣಿಯಲ್ಲಿ ಕಾಲಿಡುತ್ತಿರಲಿಲ್ಲ.

ಅವರು ನಮ್ಮಲ್ಲಿಗೆ ಬಂದದ್ದು ಜಗಳದಿಂದ. "ನಿಮ್ಮ ವಿಮರ್ಶಕನ ಕಿವಿಯಲ್ಲಿ ಹತ್ತಿ ಇದೆ. ಹತ್ತಿ ಹಿಂಜುವುದೇ ನನ್ನ ಕಸುಬು, ಬೇಕಿದ್ದರೆ ತೆಗೆದುಕೊಡುತ್ತೇನೆ" ಎಂದು ಸಂಪಾದಕರಿಗೆ ಒಂದು ಕಾರ್ಡು ಬರೆದಿದ್ದರು. ಆ ವಿಮರ್ಶಕ ನಾನು. ಸಂಪಾದಕ ಇಜೂಇನ್ ಹೊಟ್ಟೆ ಹಿಡಿದುಕೊಂಡು ನಕ್ಕು, ಅವರನ್ನು ಕರೆಸಿ ನನ್ನ ಪಕ್ಕದಲ್ಲೇ ಕೂರಿಸಿದರು. ನಮ್ಮಲ್ಲಿ ಒಂದೊಂದು ರೆಕಾರ್ಡಿಗೂ ಇಬ್ಬರು ಬರೆಯಬೇಕು. ಇಬ್ಬರ ಅಂಕವೂ ಅಕ್ಕಪಕ್ಕ ಅಚ್ಚಾಗುತ್ತದೆ. ಅಚ್ಚಾಗುವ ತನಕ ಒಬ್ಬರ ಬಾಯಿಂದ ಒಬ್ಬರಿಗೆ ಮಾತು ಹೊರಡಬಾರದು.

ಇಕುಕೊ ಕೇಳುತ್ತಿದ್ದದ್ದು ಅಂಗಡಿಯ ಹಿಂಕೋಣೆಯಲ್ಲಿ. ಸೂರಿನ ತನಕ ಹಾಸಿಗೆಗಳ ಅಟ್ಟಿ. ಅಲ್ಲಿ ಪ್ರತಿಧ್ವನಿ ಎಂಬುದೇ ಇಲ್ಲ. ಒಮ್ಮೆ ನಾನೂ ಕೂತು ಕೇಳಿದೆ. ಹಾಡುವವರು ಉಸಿರು ತೆಗೆದುಕೊಂಡದ್ದು ನನ್ನ ಕುತ್ತಿಗೆಗೆ ತಾಗಿದಂತಾಗಿ, ಬೆದರಿ ಹಿಂದಕ್ಕೆ ತಿರುಗಿದೆ. ಅವರು ರೆಕಾರ್ಡಿನ ಮೇಲೆ ಕೂತ, ಊರೆದುರಿನ ಜ್ವಾಲಾಮುಖಿ ಬೆಟ್ಟದ ಬೂದಿಯನ್ನು ಮೆತ್ತಗೆ ಒರೆಸಿ, ಮುಳ್ಳು ಇಟ್ಟು, ಕಣ್ಣು ಮುಚ್ಚುತ್ತಿದ್ದರು. ಕಂಪನಿಯವರು ರೆಕಾರ್ಡಿನ ಜೊತೆ ಕಳಿಸುವ ವಿವರದ ಕಾಗದವನ್ನು ಮೂರು ಸಲ ಕೇಳುವ ತನಕ ಬಿಚ್ಚುತ್ತಲೇ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಹೀಗೆಂದಿದ್ದರು:

"ಓದ್ಕೊಂಡು ಕೇಳಿದ್ರೆ ಕಾಗದ ಹಾಡುತ್ತಪ್ಪ, ರೆಕಾರ್ಡ್ ಹಾಡಲ್ಲ."

ಎಪ್ಪತ್ತರ ದಶಕದ ಕೊನೆಯಲ್ಲಿ ಅಮಾಮಿ ದ್ವೀಪದ ಶಿದಾಮಾ ಉಮೆತೊ ಎಂಬ ಗಾಯಕಿಯ ರೆಕಾರ್ಡು ಬಂತು. ವಿಮರ್ಶಕರಿಗೆಂದು ಮೊದಲೇ ಕಳಿಸುವ ಪ್ರತಿ ಅದು. ನಡುವಿನ ಚೀಟಿ ಬರೀ ಬಿಳುಪು, ಹೆಸರಿಲ್ಲ, ಹಾಡುಗಳ ಪಟ್ಟಿಯಿಲ್ಲ. ಯಾವ ಮಗ್ಗುಲು ಮೊದಲನೆಯದೆಂದು ಚೀಟಿಯ ಅಂಚಿಗೆ ರೆಕಾರ್ಡಿನ ಮೇಲೇ ಸಣ್ಣದಾಗಿ ಗೀಚಿರುತ್ತಾರೆ. ನಾನು ಭೂತಗನ್ನಡಿ ಹಿಡಿದು ನೋಡುವವನು. ಇಕುಕೊ ಅದನ್ನೆಲ್ಲ ನೋಡುವವರಲ್ಲ. ಹೇಗೂ ಕಡೆಗೆ ಕಾಗದ ಓದಿದಾಗ ತಿಳಿಯುತ್ತಿತ್ತು. ಈ ಸಲ ಕಾಗದದ ನೆನಪೇ ಆಗಲಿಲ್ಲವಂತೆ. ಕೇಳಿ ಎದ್ದವರೇ ಬರೆದು ಕಳಿಸಿಬಿಟ್ಟರು.

ಪತ್ರಿಕೆ ಅಚ್ಚಾಗಿ ಬಂದಾಗ ಓದಿದೆ. ನನ್ನದು ಮೂರು ಅಂಕ. ಮೊದಲರ್ಧ ಲವಲವಿಕೆಯದು, ಉಳಿದರ್ಧದಲ್ಲಿ ವಾದ್ಯವೇ ಇಲ್ಲದೆ ಎದೆ ಭಾರವಾಗುತ್ತದೆ ಎಂದು ಬರೆದಿದ್ದೆ. ಪಕ್ಕದಲ್ಲಿ ಇಕುಕೊ ಬರೆದದ್ದು ಇಷ್ಟು:

"ಮೊದಲು ಒಬ್ಬ ಹೆಂಗಸು ಒಂಟಿಯಾಗಿ ಹಾಡುತ್ತಾಳೆ. ವಾದ್ಯವಿಲ್ಲ, ಜೊತೆಗೆ ಇನ್ನೊಂದು ದನಿಯಿಲ್ಲ. ರೆಕಾರ್ಡು ಮಗುಚಿದಾಗ ಮೂರು ತಂತಿಯ ಸಾನ್‌ಶಿನ್ ಹಿಡಿದು ಒಬ್ಬ ಗಂಡಸು ಬರುತ್ತಾನೆ. ಅವನನ್ನು ಕಂಡು ಅವಳ ದನಿ ಒಂದು ಗಳಿಗೆ ತೊದಲುತ್ತದೆ, ಆಮೇಲೆ ಹರಟೆಗೆ ಕೂರುತ್ತದೆ. ಎಲ್ಲಿಂದ ಬಂದನೋ ಗೊತ್ತಿಲ್ಲ. ಬಂದನಲ್ಲ, ಸಾಕು. ಐದಕ್ಕೆ ಐದು."

ಕಾಗದದಲ್ಲಿ ಇದ್ದದ್ದು ನನಗೆ ಗೊತ್ತಿತ್ತು. ಸಾನ್‌ಶಿನ್ ನುಡಿಸಿದವರು ಉಮೆತೊ ಅವರ ಗಂಡ ಕಾನೆಹಿಸಾ. ಅರ್ಧದಷ್ಟು ಹಾಡುಗಳಿಗೆ ನುಡಿಸಿ, ಕಾಯಿಲೆ ಬಿದ್ದು ತೀರಿಕೊಂಡಿದ್ದರು. ಬೇರೆ ಯಾರನ್ನೂ ನುಡಿಸಲು ಒಪ್ಪದೆ ಉಮೆತೊ ಉಳಿದರ್ಧವನ್ನು ಒಬ್ಬರೇ ಹಾಡಿದ್ದರು. ಅವೆಲ್ಲ ಎರಡನೇ ಮಗ್ಗುಲಿನ ಹಾಡುಗಳು. ಇಕುಕೊ ಅದನ್ನೇ ಮೊದಲು ಹಾಕಿಕೊಂಡು ಕೇಳಿದ್ದರು.

ರೆಕಾರ್ಡ್ ಕಂಪನಿಯವರು ಫೋನಿನಲ್ಲಿ ಸಂಪಾದಕರ ಮೇಲೆ ಹರಿಹಾಯ್ದರು, ವಿಧವೆಯನ್ನು ಅಣಕಿಸಿದ್ದೀರಿ ಎಂದರು. ಇಜೂಇನ್ ನೇರ ಹಾಸಿಗೆ ಅಂಗಡಿಗೆ ಹೋಗಿ, ಮುಂದಿನ ಸಂಚಿಕೆಗೆ ತಪ್ಪೊಪ್ಪಿಗೆ ಬರೆದುಕೊಡಿ, ಅಂಕವನ್ನೂ ತಿದ್ದಿ ಎಂದು ಪಟ್ಟುಹಿಡಿದರು. ಇಕುಕೊ ರೆಕಾರ್ಡನ್ನು ಸರಿಯಾದ ಕ್ರಮದಲ್ಲಿ ಹಾಕಿ ಕೊನೆಯವರೆಗೂ ಕೇಳಿದರು. ಹೀಗೆ ಕೇಳಿದರೆ ಮೂರೇ ಅಂಕ, ಆದರೆ ತಾನು ಕೇಳಿದ್ದು ಹೀಗಲ್ಲ, ತಾನು ಕೇಳಿದ್ದಕ್ಕೆ ಕೊಟ್ಟ ಅಂಕ ಮುಟ್ಟುವುದಿಲ್ಲ ಎಂದರು. ಆಮೇಲೆ ರೆಕಾರ್ಡನ್ನು ಎತ್ತಿ ಲಕೋಟೆಗೆ ಸೇರಿಸಿದರು.

"ಅಂಕ ಹಾಳಾಗ್ಲಿ. ಸತ್ತ ಗಂಡನ್ನ ಎಬ್ಬಿಸ್ಕೊಂಡು ಬಂದು ಆಕೆ ಮುಂದೆ ನಿಲ್ಲಿಸ್ಬಿಟ್ನಲ್ಲ ನಾನು. ಹೋಗಿ ಕೇಳ್ತೀನಿ. ಆಕೆ ನೊಂದಿದ್ರೆ ಇನ್ಮೇಲೆ ಯಾವ ರೆಕಾರ್ಡಿಗೂ ಅಂಕ ಹಾಕಲ್ಲ."

ಅಂದರೆ ಅಂದದ್ದೇ, ಅವರ ಸ್ವಭಾವ ನನಗೆ ಗೊತ್ತು. ಅವರನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ನಾನೂ ಹಡಗು ಹತ್ತಿದೆ. ದಾರಿಯುದ್ದಕ್ಕೂ ಅವರು ಕಾರುಕಾನ್ ಸಿಹಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಉಮೆತೊ ರೇಷ್ಮೆ ನೇಯುವವರು. ಮಗ್ಗದಿಂದೆದ್ದು ಬಂದು ಒಳಗೆ ಕರೆದರು. ಇಕುಕೊ ಕಾನೆಹಿಸಾ ಅವರ ಪಟದ ಮುಂದೆ ಊದುಬತ್ತಿ ಹಚ್ಚಿದರು. ಆಮೇಲೆ ಉಮೆತೊ ಕಡೆ ತಿರುಗಿ ಹಣೆಯನ್ನು ಚಾಪೆಗೆ ಹಚ್ಚಿ, ಆದದ್ದೆಲ್ಲ ಹೇಳಿ ಕ್ಷಮೆ ಬೇಡಿದರು. ತಲೆ ಎತ್ತಲಿಲ್ಲ.

ಉಮೆತೊ ಚಹಾ ಬಗ್ಗಿಸಿದರು, ಕರಿಬೆಲ್ಲದ ತುಂಡಿಟ್ಟರು.

"ಕಂಪನಿಯವರು ಕಳ್ಸಿದ ದಿನ ಸರಿಯಾಗೇ ಹಾಕ್ದೆ, ಸಮೆಜಿಮಾ-ಸಾನ್. ಮೊದ್ಲು ಇವರಿದ್ರು, ಆಮೇಲೆ ಇಲ್ಲ. ನಾನೇ ಕಣ್ಣಾರೆ ನೋಡಿದ್ದಲ್ವಾ, ಇನ್ನೊಂದ್ಸಲ ಯಾಕೆ ಕೇಳ್ಲಿ ಅಂತ ಎತ್ತಿಟ್ಬಿಟ್ಟೆ. ನೀವು ಬರೆದಿದ್ದು ಓದಿ ಸಿಟ್ಟೂ ಬಂತು. ಇದ್ಯಾವಳಪ್ಪ, ರೆಕಾರ್ಡ್ ಹಾಕೋಕೂ ಬರಲ್ಲ ಅಂತ." ಚಹಾದ ಬಟ್ಟಲನ್ನು ಇಕುಕೊ ಕಡೆ ಸರಿಸಿ ಮುಂದುವರಿಸಿದರು, "ಆಮೇಲೆ ನೀವು ಹಾಕಿದ ಹಾಗೇ ಹಾಕ್ದೆ. ಬರ್ತಾರೆ ಕಣ್ರೀ ಅವರು. ದಿನಾ ಬರ್ತಾರೆ."

ತಪ್ಪೊಪ್ಪಿಗೆ ಹಾಕುವುದಾದರೆ ಕಂಪನಿಯವರು ಹಾಕಲಿ, ಹಾಡುಗಳನ್ನು ಹೀಗೆ ಜೋಡಿಸಿದ್ದು ಅವರೇ ಎಂದೂ ಸೇರಿಸಿದರು.

ಅಷ್ಟು ವರ್ಷ ಅಂಕ ಹಾಕಿದ್ದೇನೆ. ಹಾಸಿಗೆಗಳ ನಡುವೆ ಕೂತು ಒಬ್ಬರು ಕೇಳಿದ್ದು ಕಡಲು ದಾಟಿ ಇನ್ನೊಬ್ಬರ ಮನೆಯಲ್ಲಿ ಹೀಗೂ ಆಗಬಹುದೆಂದು ಕನಸಲ್ಲೂ ಎಣಿಸಿರಲಿಲ್ಲ.

ಉಮೆತೊ ರೆಕಾರ್ಡು ಹಾಕಿದರು, ಎರಡನೇ ಮಗ್ಗುಲು ಮೊದಲು. ಅವರ ಒಂಟಿ ದನಿ ಮುಗಿಯುವ ತನಕ ಇಕುಕೊ ಕಣ್ಣು ಮುಚ್ಚಿಕೊಂಡೇ ಇದ್ದರು. ಹಾಡು ನಿಂತಿತು. ಉಮೆತೊ ರೆಕಾರ್ಡು ಮಗುಚಿದರು. ಮುಳ್ಳು ಇಡಲು ಕೈ ಚಾಚಿದವರು ಹಾಗೇ ನಿಂತು, ಮೈಮೇಲಿದ್ದ ರೇಷ್ಮೆ ಎಳೆಗಳನ್ನು ಕೊಡವಿ, ಎರಡೂ ಕೈಯಿಂದ ತಲೆಗೂದಲು ಸರಿಮಾಡಿಕೊಂಡರು.