ಅತ್ತಿಯವರ ಮಧ್ಯಾಹ್ನದ ಚಿಲಕ

ಆದೋನಿಯೊಳಗ ನಮ್ಮ ಜಿನ್ನಿಂಗ್ ಮಿಲ್ಲಿನ ಆಫೀಸಿನ ಹಿಂದ ಒಂದು ಸಣ್ಣ ಖೋಲಿ ಐತಿ. ಮಾವ ತೀರಿಕೊಂಡ ಮ್ಯಾಲ ಮಿಲ್ಲು ನಡಿಸಿದವರು ನಮ್ಮತ್ತಿ. ಹತ್ತಿ ಸೀಜನ್ನಿನ್ಯಾಗೂ ಮಧ್ಯಾಹ್ನ ಉಂಡು ಆ ಖೋಲಿಗೆ ಹೋಗಿ ಚಿಲಕ ಹಾಕ್ಕೊಂಡುಬಿಡ್ತಿದ್ರು. ಲಾರಿ ಬರಲಿ, ಜಗಳ ಬೀಳಲಿ, ಕದ ತಟ್ಟಿದ್ರ ಜವಾಬೇ ಬರ್ತಿರಲಿಲ್ಲ. ಇಷ್ಟು ಗದ್ದಲದಾಗ ಇವರಿಗೆ ನಿದ್ದಿ ಹೆಂಗ ಬರತೈತಿ ಅಂತ ನನಗ ಮೈಯೆಲ್ಲಾ ಉರಿತಿತ್ತು.

ಒಂದು ವರ್ಷ ಅತ್ತಿ ಮಿಲ್ಲಿನ ಕೀಲಿಕೈ ನನ್ನ ಕೈಗೆ ಕೊಟ್ಟಿದ್ರು. ನಾನೋ, ಎಲ್ಲಾ ನಾನ ನೋಡಬೇಕು ಅನ್ನಾಕಿ. ತೂಕದ ಕಡೆ ನಾನ, ಮಷೀನಿನ ಕಡೆ ನಾನ, ಫೋನಿನ್ಯಾಗೂ ನಾನ. ಮಲಗಿದ್ರ ಕಿವಿಯಾಗ ಮಷೀನು ಓಡ್ತಿತ್ತು. "ಈ ಸೀಜನ್ ಮುಗದ್ರ ಕೀಲಿಕೈ ನಿಮ್ಮವ್ವಗ ವಾಪಸ್ ಕೊಡ್ತೀನ್ರಿ, ನನ್ನ ಕೈಲಾಗಂಗಿಲ್ಲ" ಅಂತ ಆಲೂರಿನ್ಯಾಗ ಮೇಷ್ಟ್ರಾಗಿರೋ ನಮ್ಮ ಮನಿಯವರಿಗೆ ಹೇಳಿಬಿಟ್ಟಿದ್ದೆ. ಅದು ಅತ್ತಿ ಕಿವಿಗೂ ಬಿದ್ದಿರಬೇಕು.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂಗ ಮೋಡ ಕಪ್ಪಿಟ್ಟು ಬಂತು. ಪೆದ್ದಹರಿವಾಣಂ ರೈತರ ಹತ್ತಿ ಅಂಗಳದಾಗ ಎರಡು ರಾಶಿ ಬಿದ್ದಿತ್ತು. "ಅಮ್ಮಾ, ವಾನ ವಸ್ತಾಂದಿ" ಅಂತ, ಮಳಿ ಬರಾಕತ್ತೈತಿ ಅಂತ ತೆಲುಗಿನ್ಯಾಗ ಕೂಗಿಕೋಂತ ಹಮಾಲರು ಓಡಿಬಂದ್ರು. ಇದ್ದ ತಾಡಪತ್ರಿ ಎರಡು ರಾಶಿಗೆ ಸಾಲಂಗಿಲ್ಲ. ಹೋಗಿ ಖೋಲಿ ಕದ ಬಡದೆ.

"ಅತ್ತೀ, ಏಳ್ರಿ, ಮಳಿ ಬಂತು, ಹತ್ತಿ ತೋಯ್ತೈತಿ."

ಸಪ್ಪಳಿಲ್ಲ. ತಿರುಗಿದ್ರ ಎಲ್ಲಾರೂ ನನ್ನ ಮುಖ ನೋಡಿಕೋಂತ ನಿಂತಾರ. ಅತ್ತಿಯವರನ್ನ ಮನಸಿನ್ಯಾಗ ಬೈಕೊಂಡು, ಬಾಯಿಗೆ ಬಂದದ್ದು ಹೇಳಿದೆ. ಮಷೀನು ನಿಂದ್ರಸ್ರಿ. ದೊಡ್ಡ ರಾಶಿಗೆ ತಾಡಪತ್ರಿ ಹೊಚ್ಚರಿ, ಸಣ್ಣದನ್ನ ಬುಟ್ಟಿಲೆ ಒಳಗ ಹಾಕ್ರಿ. ಹಗ್ಗ ಹೆಂಗ ಕಟ್ಟಬೇಕು ಅಂತ ಹೇಳಾಕ ಹೋದ್ರ, ಹಮಾಲರು ಆಗಲೇ ಬಿಗಿದಿದ್ರು. ಕಡೀ ಬುಟ್ಟಿ ಒಳಗ ಹೋಗೂದಕ್ಕೂ ಮಳಿ ಸುರಿಯೂದಕ್ಕೂ ಸರಿಹೋತು.

ಮಳಿ ನಿಂತ ಮ್ಯಾಲ ಚಿಲಕ ತೆಗೆದು ಅತ್ತಿ ಹೊರಗ ಬಂದ್ರು. ಸೀರಿ ಒಂದು ಮಗ್ಗಲು ಪೂರಾ ತೊಯ್ದಿತ್ತು. ಆ ಖೋಲಿಗೆ ಅಂಗಳದ ಕಡೆ ಒಂದು ಕಿಟಕಿ ಐತಿ.

"ಎಚ್ಚರಿದ್ರೇನ್ರಿ?"

"ನಿಮ್ಮ ಮಾವ ಹೋದಾಗಿಂದ ನನಗ ಮಧ್ಯಾಹ್ನ ನಿದ್ದಿ ಎಲ್ಲೈತವ್ವಾ. ಇವತ್ತು ನಾ ಹೊರಗ ಬಂದಿದ್ರ, ನಾಳೆ ಎಲ್ಲಾರೂ ನಿನ್ನ ದಾಟಿ ನನ್ನ ಕದಕ್ಕ ಬರ್ತಿದ್ರು. ನೀನೂ ಬರ್ತಿದ್ದಿ."

"ಹತ್ತಿ ತೊಯ್ದಿದ್ರ?"

ಅತ್ತಿ ತೊಯ್ದ ಸೆರಗು ಹಿಂಡಾಕ ಹತ್ತಿದ್ರು. ಅವರ ಅಂಗೈ ನೋಡಿದೆ. ಕಿಟಕಿ ಸರಳು ಬಿಗಿಯಾಗಿ ಹಿಡಿದು ಕೆಂಪಗ ಬಾಸುಂಡೆ ಎದ್ದಿತ್ತು. ಎದ್ದು ಓಡೂದು ನನಗೂ ಬರತೈತಿ. ಓಡದಂಗ ನಿಲ್ಲೂದು ಇಷ್ಟು ದೊಡ್ಡ ಕೆಲಸ ಅಂತ ನಾ ಅವತ್ತಿನ ತನಕ ಕಂಡಿರಲಿಲ್ಲ.

ಕೀಲಿಕೈ ನಾ ವಾಪಸ್ ಕೊಡಲಿಲ್ಲ. ಈಗ ಅತ್ತಿ ಮಿಲ್ಲಿಗೆ ಬರಂಗಿಲ್ಲ, ಆ ಖೋಲಿ ನಂದು. ನಿನ್ನೆ ಮಧ್ಯಾಹ್ನ ಚಿಲಕ ಹಾಕ್ಕೊಂಡು ಅಡ್ಡಾಗಿದ್ದೆ. ಹೊರಗ ಲಾರಿಯವಗೂ ತೂಕದವಗೂ ಜೋರು ಮಾತು ಬಿತ್ತು. ಕೈ ಚಿಲಕದ ತನಕ ಹೋತು. ಹಿಂದಕ್ಕ ತಗೊಂಡು ಕಿಟಕಿ ಹಿಡಕೊಂಡೆ. ಎಲ್ಲಾ ಸರಳಿಗೂ ಹಸಿರು ಬಣ್ಣ ಐತಿ. ನಡುವಿನ ಎರಡರ ಮ್ಯಾಲ, ಮುಷ್ಟಿ ಹಿಡಿಯೋಷ್ಟು ಜಾಗದಾಗ, ಬಣ್ಣ ಹೋಗಿ ಕಬ್ಬಿಣ ನುಣ್ಣಗಾಗೈತಿ. ಅತ್ತಿ ಇಲ್ಲಿ ಎಷ್ಟು ವರ್ಷ ನಿಂತಿದ್ರೋ.

ಹೊರಗ ಮಾತು ತಾನಾಗೇ ತಣ್ಣಗಾತು. ನಾನು ಹೋಗಿ ಮಲಗಿದೆ. ಅವರಿಗೆ ಎಂದೂ ಬರದ ನಿದ್ದಿ ನನಗ ಬಂತು.